ಸಂಡಿಗೆ ಡಬ್ಬಿಯ ಮೂರನೆಯ ಚೀಟಿ

ಗುರುವಾರ ಬೆಳಿಗ್ಗೆ ಹತ್ತಕ್ಕೆ ಸರ್ಜಿಯೊ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಮೂವತ್ತು ವರ್ಷ ಜಾವಾದ ಗಾಮೆಲಾನ್ ವಾದ್ಯಮೇಳದಲ್ಲಿ ಮದ್ದಳೆ ನುಡಿಸಿದ ಮನುಷ್ಯ. ಕೂತಲ್ಲಿ ನಿಂತಲ್ಲಿ ಅವರ ಬೆರಳುಗಳು ಏನಾದರೊಂದರ ಮೇಲೆ ತಾಳ ಹಾಕುತ್ತಿರುತ್ತವೆ; ಸೋಮವಾರ ಆಸ್ಪತ್ರೆಯ ಫಾರಂ ತುಂಬುವಾಗಲೂ ಹಾಕಿದ್ದವು. ಆ ದಿನ ಸುಮ್ಮನಿದ್ದವು.

"ಲೆಕ್ಕ ನೋಡೋ ಬು ವೆನಿಂಗ್ ಅಂದ್ರೆ ತಾವೇ ಅಲ್ವಾ?" ಎಂದರು. "ಸೋಮವಾರ ಗಡ್ಡೆ ಪೂರ್ತಿ ತೆಗೀತೀವಿ ಅಂದ್ರು. ಇವತ್ತು ಬೆಳಿಗ್ಗೆ ಅರ್ಧ ಒಳಗೇ ಬಿಡ್ತೀವಿ ಅಂತಾರೆ. ಮೂರು ದಿನದಲ್ಲಿ ನನ್ನ ಹೆಂಡ್ತಿ ತಲೆ ಬದಲಾಯ್ತೋ, ನಿಮ್ಮ ಲೆಕ್ಕ ಬದಲಾಯ್ತೋ, ಅದೊಂದು ಹೇಳಿ."

ಬು ವೆನಿಂಗ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸುವುದು ಗಾಜು ಮಸುಕಾದಾಗ ಅಲ್ಲ, ಎದುರಿನವರು ಸರಿಯಾದ ಪ್ರಶ್ನೆ ಕೇಳಿದಾಗ. ಇಪ್ಪತ್ತೆರಡು ವರ್ಷದಲ್ಲಿ ನಾನದನ್ನು ಹತ್ತು ಹನ್ನೆರಡು ಸಲ ನೋಡಿದ್ದೇನೆ.

ಯೋಗ್ಯಕರ್ತದ ಆ ಮೆದುಳು ಚಿತ್ರಣ ಕೇಂದ್ರದಲ್ಲಿ ಎಂಆರ್‌ಐ ಯಂತ್ರ ನಡೆಸುವುದು ನನ್ನ, ಅಂದರೆ ಗುನಾರ್ದಿಯ, ಕೆಲಸ. ಯಂತ್ರ ಹೇಳಿದ್ದರಲ್ಲಿ ಎಷ್ಟನ್ನು ನಂಬಬೇಕು ಎನ್ನುವುದು ಸಂಖ್ಯಾಶಾಸ್ತ್ರದ ಬು ವೆನಿಂಗ್ ಕೆಲಸ; ಬು ಎಂದರೆ ನಮ್ಮಲ್ಲಿ ಅಮ್ಮ ಎಂದ ಹಾಗೆ. ಡಾಕ್ಟರುಗಳು ಯಂತ್ರವನ್ನು ನಂಬುತ್ತಿದ್ದರು, ನಾನು ಡಾಕ್ಟರುಗಳನ್ನು ನಂಬುತ್ತಿದ್ದೆ, ಬು ವೆನಿಂಗ್ ಯಾರನ್ನೂ ನಂಬುತ್ತಿರಲಿಲ್ಲ. ಅವರಿಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ.

ಸರ್ಜಿಯೊರ ಹೆಂಡತಿ ಬು ಲಾರಸ್ಮಿ. ನಮ್ಮ ಊರಿನಿಂದ ಸೋಲೋದವರೆಗೆ ತೊಗಲುಬೊಂಬೆಯಾಟದ ಮೇಳಗಳಲ್ಲಿ ಆಕೆಯ ದನಿ ಕೇಳದವರಿಲ್ಲ. ಆಕೆಯ ಮೆದುಳಿನ ಬಲಭಾಗದಲ್ಲಿ, ಮುಂದುಗಡೆ, ನಿಂಬೆಹಣ್ಣಿನಷ್ಟು ಗಡ್ಡೆ. ಮಾತು, ಹಾಡು ಸಾಮಾನ್ಯವಾಗಿ ಎಡಭಾಗದ ಆಸ್ತಿ. ಆದರೆ ಆಕೆ ಎಡಗೈಯವರು. ಅಂಥ ಕೆಲವರಲ್ಲಿ ಆಸ್ತಿ ಪಾಲಾಗಿರುತ್ತದೆ. ಅದಕ್ಕೇ ಕತ್ತಿ ಇಡುವ ಮೊದಲು ನಮ್ಮ ಯಂತ್ರದಲ್ಲಿ ಮಲಗಿಸಿ, ಮನಸ್ಸಿನಲ್ಲೇ ಹಾಡಿಸಿ, ಎಲ್ಲಿ ಬೆಳಗುತ್ತದೆ ಎಂದು ನೋಡಿದ್ದು. ಗಡ್ಡೆ ಪೂರ್ತಿ ತೆಗೆದರೆ ಆಕೆಗೆ ಹತ್ತು ವರ್ಷವೋ ಇಪ್ಪತ್ತೋ. ಅರ್ಧ ಬಿಟ್ಟರೆ ಅದು ವರ್ಷದೊಳಗೆ ಮತ್ತೆ ಬೆಳೆಯುತ್ತದೆ. ಹಾಡಿನ ಜಾಗವನ್ನೇ ಕೊಯ್ದರೆ ದನಿ ಉಳಿದೀತು, ಹಾಡು ಉಳಿಯದು. ಶಸ್ತ್ರಚಿಕಿತ್ಸೆ ಶುಕ್ರವಾರ ಬೆಳಿಗ್ಗೆ ಏಳಕ್ಕೆ. ನಮ್ಮ ಕೈಯಲ್ಲಿದ್ದುದು ಒಂದು ಹಗಲು.

"ಹೆಂಡ್ತಿ ಏನಂತಾರೆ?" ಎಂದು ಬು ವೆನಿಂಗ್ ಕೇಳಿದರು.

"ಹಾಡಿಲ್ದೆ ಬದುಕೋದು ಕಲ್ತ್ಕೋಬಹುದು, ಬದುಕಿಲ್ದೆ ಹಾಡೋದು ಯಾರ ಹತ್ರ ಕಲೀಲಿ, ಅಂತಾಳೆ. ಪೂರ್ತಿ ತೆಗೀಲಿ ಅನ್ನೋದೇ ಅವಳ ಮಾತು. ಆದ್ರೆ ಡಾಕ್ಟ್ರು, ಚುಕ್ಕೆ ಸಿಕ್ಕಿದೆ, ಮುಟ್ಟಲ್ಲ ಅಂತಾರೆ. ಏನಮ್ಮ ಅದು ಚುಕ್ಕೆ?"

ಬು ವೆನಿಂಗ್ ಅವರನ್ನು ಕೂರಿಸಿದರು. "ದಕ್ಷಿಣ ಮೈದಾನದಲ್ಲಿ ಕಣ್ಣು ಕಟ್ಕೊಂಡು ಎರಡು ಆಲದ ಮರದ ನಡುವೆ ನಡ್ದಿದೀರಾ?"

"ಮೂರು ಸಲ. ಮೂರು ಸಲಾನೂ ಐಸ್ ಮಾರೋನ ಗಾಡಿಗೆ ಗುದ್ದಿದೀನಿ."

"ಮನಸ್ಸು ಶುದ್ಧ ಇದ್ದೋರು ಮಾತ್ರ ದಾಟ್ತಾರೆ ಅಂತಾರಲ್ಲ. ಒಂದು ಲಕ್ಷ ಜನಾನ ಕಣ್ಣು ಕಟ್ಟಿ ಬಿಡಿ. ನೂರು ಜನ ಸುಮ್ನೆ ಅದೃಷ್ಟಕ್ಕೆ ದಾಟಿಬಿಡ್ತಾರೆ. ಅವ್ರನ್ನೆಲ್ಲ ಸಂತರು ಅಂತೀರಾ?"

"ಅಂದ್ರೆ ಊರು ತುಂಬ ಸಂತರಾಗ್ತಾರೆ."

"ತಲೆ ಒಳಗೂ ಅಷ್ಟೇ. ಯಂತ್ರ ಮೆದುಳನ್ನ ಅಕ್ಕಿಕಾಳಿನಷ್ಟು ಲಕ್ಷ ತುಣುಕು ಮಾಡಿ ಪ್ರತಿಯೊಂದನ್ನೂ, ಹಾಡುವಾಗ ನೀನು ಎದ್ದಿದ್ಯಾ ಅಂತ ಕೇಳುತ್ತೆ. ನೂರು ಕಾಳು ಸುಮ್ಸುಮ್ನೆ ಹೂಂ ಅಂತವೆ. ಆದ್ರೆ ನೀವು ಮೊದ್ಲೇ, ನೋಡಿ, ಆ ಕೆಂಪಂಗಿಯೋನು ದಾಟ್ತಾನೆ ಅಂತ ಬೆರಳು ತೋರಿಸಿ, ಅವನೇ ದಾಟಿದ್ರೆ?"

"ಅದು ಮಾತು."

"ಅಷ್ಟೇ ನಮ್ಮ ಕಸುಬು. ತಿದ್ದುಪಡಿ ಅಂತೀವಿ. ಎಷ್ಟು ಕಡೆ ಹುಡುಕ್ತೀವೋ ಸಾಕ್ಷಿ ಅಷ್ಟು ಗಟ್ಟಿಯಾಗಿರ್ಬೇಕು. ಮೊದ್ಲೇ ಒಂದು ಜಾಗ ಹೇಳಿದ್ರೆ ಅಲ್ಲಿ ಮಾತ್ರ ಸ್ವಲ್ಪ ಸಾಕ್ಷಿ ಸಾಕು."

ಮೊದಲೇ ಹೇಳಿದ್ದು ಹೌದು ಎನ್ನುವುದಕ್ಕೆ ಸಾಕ್ಷಿ ಬು ವೆನಿಂಗ್ ಮೇಜಿನ ಮೇಲಿನ ಡಬ್ಬಿ. ಹೋಟೆಲುಗಳಲ್ಲಿ ಸಂಡಿಗೆ ತುಂಬಿಡುವಂಥ ನೀಲಿ ತಗಡಿನ ಡಬ್ಬಿ, ಮುಚ್ಚಳದಲ್ಲಿ ಸೀಳು. ರೋಗಿಯನ್ನು ಯಂತ್ರದಲ್ಲಿ ಮಲಗಿಸುವ ಮೊದಲು, ಚುಕ್ಕೆ ಎಲ್ಲಿ ಬಂದೀತೆಂದು ಊಹಿಸುವವರು ಚೀಟಿಯಲ್ಲಿ ಟೈಪ್ ಮಾಡಿ, ತಾರೀಖಿನ ಮುದ್ರೆ ಒತ್ತಿ, ಲಕೋಟೆಗೆ ಹಾಕಿ ಒಳಗೆ ಬಿಡಬೇಕು. ಹೆಸರು ಬರೆಯುವಂತಿಲ್ಲ. ಅದು ನಮ್ಮ ನಿರ್ದೇಶಕಿ ಪ್ರೊಫೆಸರ್ ರೆತ್ನಾನಿಂಗ್ ಸೇರಿಸಿದ ನಿಯಮ: ಊಹೆ ತಪ್ಪಾದವರಿಗೆ ಮುಖಭಂಗ ಆಗಬಾರದು. ಜಾವಾದಲ್ಲಿ ಸತ್ಯಕ್ಕೆ ಜಾಗ ಬೇಕಿದ್ದರೆ ಮೊದಲು ಮುಖಕ್ಕೆ ಜಾಗ ಮಾಡಬೇಕು.

ಸೋಮವಾರದ ಮುದ್ರೆಯಿದ್ದ ಮೂರು ಚೀಟಿಗಳು ಬುಧವಾರ ಹೊರಬಂದಿದ್ದವು. ಎರಡು ಎಡಭಾಗ ಹೇಳಿದ್ದವು. ಅಲ್ಲಿ ದೀಪಾವಳಿಯ ಹಾಗೆ ಬೆಳಗಿತ್ತು, ಯಾರ ಅನುಮಾನವೂ ಇರಲಿಲ್ಲ. ಮೂರನೆಯದು ಬಲಭಾಗದಲ್ಲಿ, ಗಡ್ಡೆಯ ಬೆನ್ನಿಗೆ, ಒಂದು ಸಣ್ಣ ವೃತ್ತ ಹೇಳಿತ್ತು. ಆ ವೃತ್ತದೊಳಗೊಂದು ಚುಕ್ಕೆ ಇತ್ತು. ಇಡೀ ಮೆದುಳಿನ ಲೆಕ್ಕದಲ್ಲಿ ಅದು ಬೆಲೆಯಿಲ್ಲದ ನೂರರಲ್ಲೊಂದು. ಮೊದಲೇ ಹೇಳಿದ ವೃತ್ತದ ಲೆಕ್ಕದಲ್ಲಿ ಅದು ಪಾಸು. ಗುರುವಾರ ಬೆಳಗಿನ ಸಭೆಯಲ್ಲಿ ಶಸ್ತ್ರವೈದ್ಯ ಡಾಕ್ಟರ್ ಸಿತೋಹಾಂಗ್, ಹಾಗಾದರೆ ಹಿಂದಿನರ್ಧ ಮುಟ್ಟುವುದಿಲ್ಲ ಎಂದುಬಿಟ್ಟರು.

ಸರ್ಜಿಯೊರನ್ನು ಹೆಂಡತಿಯ ವಾರ್ಡಿಗೆ ಕಳಿಸಿ ಬು ವೆನಿಂಗ್ ನಕ್ಷೆಯನ್ನು ತೆರೆದರು.

"ಗುನ್, ಈ ವೃತ್ತದ ನಡು ಎಲ್ಲಿದೆ? ಚುಕ್ಕೆಯ ನೆತ್ತಿ ಎಲ್ಲಿದೆ?"

"ಎರಡೂ ಒಂದೇ ಕಾಳಿನ ಮೇಲಿದೆ."

"ಹತ್ತೊಂಬತ್ತು ವರ್ಷದಿಂದ ಡಬ್ಬಿ ಇಟ್ಟಿದೀನಿ. ಒಳ್ಳೆ ಊಹೆ ಅಂದ್ರೂ ಬೆರಳಗಲ ತಪ್ಪುತ್ತೆ. ಇದು ಕೂದಲೆಳೆಯಷ್ಟೂ ತಪ್ಪಿಲ್ಲ. ಇಂಥ ಜಾಣರು ನಮ್ಮಲ್ಲಿದ್ದಿದ್ರೆ ನನಗೆ ಗೊತ್ತಿರ್ತಿತ್ತು."

ಮೊದಲು ಬಾಣ ಬಿಟ್ಟು ಆಮೇಲೆ ಅದರ ಸುತ್ತ ಗುರಿ ಬರೆದಿದ್ದಾರೆ ಎಂದು ಅವರು ಹೇಳುತ್ತಿದ್ದರು. ಮಂಗಳವಾರ ಮಧ್ಯಾಹ್ನ ಸ್ಕ್ಯಾನ್ ಮುಗಿದ ಕೂಡಲೇ ಕಚ್ಚಾ ನಕ್ಷೆಯನ್ನು, ನೂರು ಚುಕ್ಕೆಗಳ ಸಮೇತ, ನನ್ನ ಬೆನ್ನ ಹಿಂದೆ ನಿಂತು ನೋಡಿದವರು ಮೂವರೇ: ಪ್ರೊಫೆಸರ್ ರೆತ್ನಾನಿಂಗ್, ಡಾಕ್ಟರ್ ಸಿತೋಹಾಂಗ್, ಮತ್ತೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗ ವಿಚಾಕ್. ನನ್ನನ್ನು ಸೇರಿಸಿದರೆ ನಾಲ್ವರು. ಬು ವೆನಿಂಗ್ ಸೇರಿಸಿದರು.

"ಮಂಗಳವಾರ ಏನೇನಾಯ್ತು ಹೇಳು. ನೀನು ಮುಖ್ಯ ಅಂದ್ಕೊಂಡಿದ್ದನ್ನ ಬಿಟ್ಟು."

ಹೇಳಿದೆ. ಬು ಲಾರಸ್ಮಿಗೆ ಕತ್ತು ಹಿಡಿದಿತ್ತು, ನೇರ ಮಲಗಲಾಗಲಿಲ್ಲ. ತಲೆಯ ಬಲಗಡೆಗೆ ಟವೆಲ್ ಮಡಿಸಿ ಕೊಟ್ಟೆ. ತಲೆ ಒಂದಷ್ಟು ಎಡಕ್ಕೆ ವಾಲಿ, ಎರಡು ಬೆರಳು ಮೇಲೆ ನಿಂತಿತು. ಸ್ಕ್ಯಾನ್ ಆಯಿತು. ನಕ್ಷೆಯನ್ನು ರೂಢಿಯಂತೆ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ಕತ್ತಿಗೆ ದಾರಿ ತೋರಿಸುವ ಯಂತ್ರಕ್ಕೂ ಕಳಿಸಿದೆ. ಅದಕ್ಕೂ ನಮ್ಮ ಯಂತ್ರಕ್ಕೂ ಹಳೇ ಜಗಳ. ಒಂದೇ ಕಪಾಟನ್ನು ಇಬ್ಬರು ವಾರಗಿತ್ತಿಯರು ಎರಡು ಕಡೆಯಿಂದ ಜೋಡಿಸಿದಂತೆ, ನಾವು ಬಲಕ್ಕೂ ಮುಂದಕ್ಕೂ ಪ್ಲಸ್ ಹಾಕಿ ಎಣಿಸಿದರೆ ಅದು ಮೈನಸ್ ಹಾಕಿ ಎಣಿಸುತ್ತದೆ. ಯಾರೂ ಎಡವಬಾರದೆಂದು ಅದರ ಹಣೆಗೆ ಹಳದಿ ಕಾಗದ ಅಂಟಿಸಿದವನೂ ನಾನೇ.

"ಟವೆಲ್," ಎಂದರು ಬು ವೆನಿಂಗ್. ಅಷ್ಟೇ ಅಂದರು.

ಅಷ್ಟರಲ್ಲಿ ಪ್ರೊಫೆಸರ್ ಒಳಗೆ ಬಂದರು. ಅವರಿಗೂ ಅನುಮಾನ ಬಂದಿತ್ತು, ಅವರ ಅನುಮಾನಕ್ಕೆ ಆಗಲೇ ಹೆಸರೂ ಸಿಕ್ಕಿತ್ತು. ಹಾಡು ಬಲಮೆದುಳಲ್ಲೂ ಮನೆ ಮಾಡಿರುತ್ತದೆ ಎನ್ನುವುದು ವಿಚಾಕ್‌ನ ಪ್ರಬಂಧ. ಹನ್ನೊಂದು ಗಾಯಕಿಯರ ಸ್ಕ್ಯಾನ್ ಆಗಿತ್ತು, ಯಾರ ನಕ್ಷೆಯೂ ಅದನ್ನು ಸರಿಯಾಗಿ ಒಪ್ಪಿರಲಿಲ್ಲ. ಬು ಲಾರಸ್ಮಿ ಹನ್ನೆರಡನೆಯವರು. ಆ ಹುಡುಗನೇ, ಮುದ್ರೆಯ ಚಕ್ರ ಹಿಂದಕ್ಕೆ ತಿರುಗಿಸಿದರೆ ಯಾವ ದಿನ ಬೇಕಾದರೂ ಸೋಮವಾರ ಆಗುತ್ತದೆ, ಸಂಜೆಯೊಳಗೆ ಅವನನ್ನು ಕೇಂದ್ರದಿಂದಲೇ ಹೊರಗೆ ಕಳಿಸಿಬಿಡುತ್ತೇನೆ ಎಂದರು. ಬು ವೆನಿಂಗ್ ಮಧ್ಯಾಹ್ನ ಒಂದು ಗಂಟೆಯವರೆಗೆ ಕಾಯಿರಿ ಎಂದು ಕೇಳಿಕೊಂಡರು.

ವಿಚಾಕ್ ಬಂದು ತಲೆ ತಗ್ಗಿಸಿ ಕೂತ. ಬು ವೆನಿಂಗ್ ಮೂರನೆಯ ಚೀಟಿಯನ್ನು ಅವನ ಮುಂದಿಟ್ಟರು. ಅದರಲ್ಲಿ ಟೈಪ್ ಆಗಿದ್ದುದು ಇಷ್ಟೇ: ಬಲಭಾಗ, ಮುಂದುಗಡೆ. ಮೈನಸ್ 41, ಮೈನಸ್ 9, 17. ಸುತ್ತ ಎಂಟು ಮಿಲಿಮೀಟರ್.

"ಇದನ್ನ ನೀನು ಕಂಪ್ಯೂಟರ್‌ಗೆ ಹೇಗೆ ಕೊಟ್ಟೆ?"

"ಇದ್ದ ಹಾಗೇ ಕೊಟ್ಟೆ, ಬು." ಆಮೇಲೆ ಚೀಟಿಯ ಮೇಲೆ ಬೆರಳಿಟ್ಟ. "ಮೈನಸ್ ಎರಡೂ ತೆಗ್ದೆ. ನಮ್ಮ ಲೆಕ್ಕದಲ್ಲಿ ಮೈನಸ್ ಅಂದ್ರೆ ಎಡ ಮತ್ತೆ ಹಿಂದೆ. ಚೀಟೀಲಿ ಬಲ, ಮುಂದೆ ಅಂತ ಅಕ್ಷರದಲ್ಲೇ ಇತ್ತು. ಬರೆದೋರು ಮರ್ತಿರ್ಬೇಕು ಅಂದ್ಕೊಂಡೆ."

"ಯಾರಿಗೂ ಹೇಳ್ಲಿಲ್ಲ."

"ಹೇಗೆ ಹೇಳೋದು? ಪ್ರೊಫೆಸರ್ ಚೀಟಿ ಆಗಿದ್ರೆ? ದೊಡ್ಡೋರ ತಪ್ಪು ಎತ್ತಿ ತೋರಿಸಿದ ಹಾಗಾಗಲ್ವಾ?"

"ಹಿರಿಯರ ಕಣ್ಣಲ್ಲಿ ಕಸ ಬಿದ್ರೂ ನಮ್ಮೂರ ಹುಡುಗ್ರು ಬೆನ್ನಿಗೆ ನಿಂತು ಊದ್ತಾರೆ," ಎಂದು ಬು ವೆನಿಂಗ್ ನನ್ನ ಕಡೆ ತಿರುಗಿ ಹೇಳಿದರು. ಬಯ್ಗುಳವೇ ಆದರೂ ಅವರ ಮುಖದಲ್ಲಿ ಅಂಥ ನೆಮ್ಮದಿ ಬೆಳಗಿನಿಂದ ಕಂಡಿರಲಿಲ್ಲ. ಅವನನ್ನು ಕಳಿಸಿದ ಮೇಲೆ ನನಗೊಂದು ಲೆಕ್ಕ ಕೊಟ್ಟರು: ಟವೆಲ್ ಇಲ್ಲದೆ, ತಲೆ ನೇರವಾಗಿ ಮಲಗಿದ್ದರೆ ಆ ಚುಕ್ಕೆಯ ಸಂಖ್ಯೆ ಏನಾಗುತ್ತಿತ್ತು? ನಾನು ತಲೆಯನ್ನು ಕಂಪ್ಯೂಟರಿನಲ್ಲೇ ನೆಟ್ಟಗೆ ಮಾಡಿ ನೋಡಿದೆ. ಚುಕ್ಕೆ ಮೂರು ಸೆಂಟಿಮೀಟರ್ ಆಚೆ ಹೋಗಿ ಕೂತಿತು.

ಒಂದು ಗಂಟೆಗೆ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಡಾಕ್ಟರ್ ಸಿತೋಹಾಂಗ್ ಕೊನೆಗೆ ಬಂದರು. ಬೇರೆ ದ್ವೀಪದ, ತೋಬಾ ಸರೋವರದ ಕಡೆಯವರು. ನಮ್ಮ ಜಾವಾದ ಪಿಸುಮಾತಿನ ನಡುವೆ ಅವರ ದನಿ ಕಂಚಿನ ಜಾಗಟೆ. ಕತ್ತಿಗೆ ಹೆದರದ ಕೈ ಎಂದು ಹೆಸರು. ಕೂರುತ್ತಲೇ ಕೇಳಿದರು: "ಏನು, ಮದುವೆ ಮಾತುಕತೇನಾ? ಊಟ ಇಲ್ಲದ ಮದುವೆಗೆ ನಾನು ಬರಲ್ಲ." ಸರ್ಜಿಯೊರನ್ನೂ ಕರೆಸಿದ್ದರು, ಅವರು ಬಾಗಿಲ ಪಕ್ಕ ಕೂತಿದ್ದರು.

ಬು ವೆನಿಂಗ್ ಎದ್ದು ನಿಲ್ಲಲಿಲ್ಲ. ಡಬ್ಬಿಯನ್ನು ಮೇಜಿನ ನಡುವೆ ಇಟ್ಟು ಮಾತಾಡಿದರು. ಮೊದಲು, ವೃತ್ತದ ನಡುವೂ ಚುಕ್ಕೆಯ ನೆತ್ತಿಯೂ ಒಂದೇ ಕಾಳಿನ ಮೇಲೆ ಇರುವುದನ್ನು ತೋರಿಸಿದರು. ಇದು ಅನುಮಾನ ಮಾತ್ರ, ಸಾಕ್ಷಿಯಲ್ಲ. ಅದೃಷ್ಟವಂತರೂ ಇರುತ್ತಾರೆ ಎಂದರು. ಎರಡನೆಯದಾಗಿ ಟವೆಲ್. ನಮ್ಮ ಸಂಖ್ಯೆಗಳನ್ನು ಎಣಿಸುವುದು ಯಂತ್ರದ ಹೊಟ್ಟೆಯ ನಡುವಿನಿಂದ, ರೋಗಿಯ ತಲೆಯ ನಡುವಿನಿಂದಲ್ಲ. ತಲೆ ವಾಲಿದರೆ ಸಂಖ್ಯೆಯೂ ವಾಲುತ್ತದೆ. ಉಳಿದೆರಡು ಚೀಟಿಗಳು ಅದಕ್ಕೇ ಮೆದುಳಿನ ಭಾಗದ ಹೆಸರು ಹೇಳಿದ್ದವು, ಸಂಖ್ಯೆ ಹೇಳಿರಲಿಲ್ಲ.

"ಬು ಲಾರಸ್ಮಿ ತಲೆ ಮಂಗಳವಾರ ಎರಡು ಬೆರಳು ಮೇಲಿರುತ್ತೆ, ಎಡಕ್ಕೆ ವಾಲಿರುತ್ತೆ ಅಂತ ಸೋಮವಾರ ಯಾರಿಗೆ ಗೊತ್ತಿತ್ತು? ಗುನಾರ್ದಿಗೇ ಗೊತ್ತಿರ್ಲಿಲ್ಲ. ಟವೆಲ್‌ಗೂ ಗೊತ್ತಿರ್ಲಿಲ್ಲ. ಈ ಚೀಟಿ ಹುಟ್ಟಿದ್ದು ಸ್ಕ್ಯಾನ್ ಆದ್ಮೇಲೆ."

ಪ್ರೊಫೆಸರ್ ವಿಚಾಕ್‌ನತ್ತ ನೋಡಿದರು. ಅವನು ಗೋಡೆಯ ಬಣ್ಣಕ್ಕೆ ತಿರುಗಿದ್ದ.

"ಅವನಲ್ಲ," ಎಂದರು ಬು ವೆನಿಂಗ್. "ಅವನು ದಿನವಿಡೀ ನಮ್ಮ ಕಂಪ್ಯೂಟರ್ ಮುಂದೆ ಕೂರೋನು. ಬಲ ಅಂದ್ರೆ ಅವನ ಬೆರಳು ತಾನೇ ಪ್ಲಸ್ ಒತ್ತುತ್ತೆ. ತಾವೂ ಹಾಗೇ, ಪ್ರೊಫೆಸರ್. ಚೀಟಿ ಬರೆದೋರು ಬಲಕ್ಕೂ ಮೈನಸ್ ಹಾಕಿದ್ರು, ಮುಂದಕ್ಕೂ ಮೈನಸ್ ಹಾಕಿದ್ರು. ಒಂದು ಮೈನಸ್ ಆದ್ರೆ ಕೈತಪ್ಪು. ಎರಡು ಅಂದ್ರೆ ಅಭ್ಯಾಸ. ಈ ಕಟ್ಟಡದಲ್ಲಿ ಹಾಗೆ ಎಣಿಸೋ ಯಂತ್ರ ಒಂದೇ, ಶಸ್ತ್ರಚಿಕಿತ್ಸೆ ಕೋಣೇಲಿರೋದು. ಅದರ ಹಣೆ ಮೇಲೆ ಹಳದಿ ಕಾಗದ ಇದೆ. ದಿನಾ ನೋಡೋ ಕಾಗದ ಕಣ್ಣಿಗೆ ಬೀಳಲ್ಲ."

ಸಿತೋಹಾಂಗ್ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಅವನ್ನೇ ನೋಡುತ್ತಿದ್ದರು.

"ನನಗೆ ಕಾರಣ ಸಿಕ್ಕಿರ್ಲಿಲ್ಲ, ಡಾಕ್ಟ್ರೇ," ಎಂದು ಬು ವೆನಿಂಗ್ ದನಿ ತಗ್ಗಿಸಿದರು. "ಈ ಚೀಟಿಯಿಂದ ಕೆಲಸ ಕೆಡೋದು ನಿಮ್ದೇ. ಆಮೇಲೆ ಬೆಳಗಿನ ಸಭೆ ನೆನಪಾಯ್ತು. ಕೈಯಿಂದ ಕತ್ತಿ ಕಿತ್ಕೊಂಡ್ರೆ ನಿಮಗೆ ಕೋಪ ಬರ್ಬೇಕಿತ್ತು. ನೀವು ಉಸಿರು ಬಿಟ್ರಿ."

ಆ ಮನುಷ್ಯನಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ತಿಳಿದದ್ದು ಆಗ.

"ಎರಡು ವರ್ಷದ ಹಿಂದೆ ಒಬ್ರು ಸ್ಕೂಲ್ ಮೇಷ್ಟ್ರು. ನಿಮ್ಮ ನಕ್ಷೆ ಖಾಲಿ ಇತ್ತು, ಬು. ಖಾಲಿ ಅಂತ ಪೂರ್ತಿ ತೆಗ್ದೆ. ತಿಂಗಳಿಗೊಂದ್ಸಲ ಅವ್ರ ಮನೆಗೆ ಹೋಗ್ತೀನಿ. ನನ್ನ ನೋಡಿ ನಗ್ತಾರೆ, ಕಾಫಿ ಕೊಡ್ತಾರೆ. ಮಾತು ಬರಲ್ಲ." ಸರ್ಜಿಯೊರತ್ತ ತಿರುಗಲಿಲ್ಲ. "ಈಕೆ ಹಾಡು ಕೇಳ್ಕೊಂಡು ನಾನು ಈ ಊರಲ್ಲಿ ಡಾಕ್ಟರಿಕೆ ಓದಿದ್ದು. ಆ ಚುಕ್ಕೆ ಕಂಡಾಗ, ಇದೊಂದು ನೆಪ ಸಾಕು ಅನ್ನಿಸ್ತು. ಮುಟ್ಟದೇ ಇದ್ರೆ ನನ್ನ ಕೈಯಿಂದ ಏನೂ ಆಗಲ್ಲ."

"ನಿಮ್ಮ ಕೈಯಿಂದ ಆಗಲ್ಲ," ಎಂದರು ಸರ್ಜಿಯೊ. "ಗಡ್ಡೆ ಕೈಯಿಂದ ಆಗುತ್ತೆ."

ಇಲ್ಲಿಗೆ ಪತ್ತೆ ಮುಗಿಯಿತೆಂದು ನಾನು ಕುರ್ಚಿ ಹಿಂದಕ್ಕೆ ತಳ್ಳಿದೆ. ಬು ವೆನಿಂಗ್ ಕೈಯೆತ್ತಿ ತಡೆದರು. "ಕೂತ್ಕೋ. ಚೀಟಿ ಸುಳ್ಳು ಅನ್ನೋದಷ್ಟೇ ಗೊತ್ತಾಗಿದ್ದು. ಚುಕ್ಕೆ ಸುಳ್ಳೋ ನಿಜವೋ ಇನ್ನೂ ಗೊತ್ತಿಲ್ಲ. ಕಳ್ಳ ತೋರಿಸಿದ ದಾರೀಲೂ ಊರು ಇರಬಹುದು."

ಆಮೇಲೆ ಅವರು ಮಾಡಿಸಿದ್ದು ಬಹಳ ಸರಳ. ಹೊಸ ಚೀಟಿ ತಂದು, ಗಡ್ಡೆಯ ಹಿಂದಿನ ಆ ಒಂದು ಮೆದುಳಿನ ಮಡಿಕೆಯನ್ನು ಅದರ ಹೆಸರಿನಿಂದಲೇ ಬರೆದು, ಎಲ್ಲರ ಎದುರಿಗೆ ಗುರುವಾರದ ಮುದ್ರೆ ಒತ್ತಿ ಡಬ್ಬಿಗೆ ಹಾಕಿದರು. ಚುಕ್ಕೆ ನಿಜವಾಗಿದ್ದರೆ ಇಲ್ಲೇ ಮತ್ತೆ ಬರಬೇಕು. ಬೇರೆ ಎಲ್ಲಿ ಬಂದರೂ ಲೆಕ್ಕಕ್ಕಿಲ್ಲ. ಎರಡೂವರೆಗೆ ಬು ಲಾರಸ್ಮಿಯನ್ನು ಮತ್ತೆ ಮಲಗಿಸಿದೆ.

"ಮತ್ತೆ ಟವೆಲ್ಲಾ?" ಎಂದು ಆಕೆ ಕೇಳಿದರು.

"ಮತ್ತೆ ಟವೆಲ್ಲೇ, ಬು."

"ಮೊನ್ನೆ ಒಳಗೊಳಗೇ ಹಾಡು ಅಂದ್ರಿ, ನಿಮ್ಮ ಯಂತ್ರ ತಾಳ ತಪ್ಪಿಸ್ತಿತ್ತು. ಅದಕ್ಕೊಬ್ಬ ಮೇಷ್ಟ್ರನ್ನ ಇಡಿ."

ನಲವತ್ತು ನಿಮಿಷ. ಗಾಜಿನ ಈಚೆ ಆರು ಜನ ನಿಂತಿದ್ದೆವು. ಎಡಭಾಗ ಮೊದಲಿನಂತೆಯೇ ಬೆಳಗಿತು. ನೂರು ಚಿಲ್ಲರೆ ಚುಕ್ಕೆಗಳು ಬಂದವು; ಕಿವಿಯ ಮೇಲೊಂದು, ಹಿಂದಲೆಯಲ್ಲಿ ನಾಲ್ಕು, ಕಣ್ಣುಗುಡ್ಡೆಯಲ್ಲೂ ಒಂದು. ಯಾವುದೂ ಮಂಗಳವಾರದ ಜಾಗದಲ್ಲಿರಲಿಲ್ಲ. ಹೆಸರು ಹೇಳಿದ ಮಡಿಕೆ ಗುಡಿಸಿಟ್ಟ ಅಂಗಳದಂತೆ ಖಾಲಿ. ಆ ದಿನ ಮೊದಲ ಸಲ ನಾನು ಸರ್ಜಿಯೊರ ಬೆರಳುಗಳ ಸದ್ದು ಕೇಳಿದೆ, ಕಿಟಕಿಯ ಚೌಕಟ್ಟಿನ ಮೇಲೆ.

"ಮೇಷ್ಟ್ರದ್ದೂ ಖಾಲಿ ಇತ್ತು," ಎಂದರು ಸಿತೋಹಾಂಗ್.

"ಹೌದು," ಎಂದರು ಬು ವೆನಿಂಗ್. "ಖಾಲಿ ಅಂದ್ರೆ ನಮ್ಮ ಯಂತ್ರ ಗ್ಯಾರಂಟಿ ಕೊಟ್ಟ ಹಾಗಲ್ಲ. ಇನ್ನೊಬ್ಬ ಸಾಕ್ಷಿ ಬೇಕಿದ್ರೆ ಒಳಗೆ ಮಲಗಿದಾರಲ್ಲ, ಅವರನ್ನೇ ಕೇಳಿ."

ಅವರಿಗೆ ಅರ್ಥವಾಯಿತು. ಎಚ್ಚರವಾಗಿಟ್ಟುಕೊಂಡೇ, ಹಾಡಿಸುತ್ತಲೇ ಕೊಯ್ಯುವ ವಿಧಾನ ಅವರಿಗೆ ಗೊತ್ತಿತ್ತು. ಹಾಡು ತಡೆದರೆ ಕತ್ತಿ ತಡೆಯಬೇಕು. ಅದಕ್ಕೆ ಧೈರ್ಯ ಬೇಕಿದ್ದುದು ರೋಗಿಗಿಂತ ಡಾಕ್ಟರಿಗೆ. ಅವರು ಮೊದಲು ನಿರ್ದೇಶಕಿಯ ಎದುರೇ ತಮ್ಮ ತಪ್ಪನ್ನು ಬರೆದು ಸಹಿ ಹಾಕಿದರು. ಕತ್ತಿ ಅವರ ಕೈಯಲ್ಲೇ ಇರಲೋ ಬೇಡವೋ ಎಂದು ಪ್ರೊಫೆಸರ್ ಗಂಡಹೆಂಡಿರನ್ನು ಕೇಳಿದರು. ಬು ಲಾರಸ್ಮಿ ಎಲ್ಲವನ್ನೂ ಕೇಳಿಸಿಕೊಂಡು, "ಹೆದರ್ಕೊಂಡಿರೋರು ನಿಧಾನಕ್ಕೆ ಕೊಯ್ತಾರೆ, ಅವ್ರೇ ಇರ್ಲಿ," ಎಂದರಂತೆ. ಪಕ್ಕದಲ್ಲಿ ಇನ್ನೊಬ್ಬ ಶಸ್ತ್ರವೈದ್ಯರು ನಿಲ್ಲುವುದೆಂದೂ ವಿಚಾರಣೆ ಮುಂದಿನ ವಾರವೆಂದೂ ತೀರ್ಮಾನವಾಯಿತು. ವಿಚಾಕ್‌ನ ಪ್ರಬಂಧಕ್ಕೆ ಹನ್ನೆರಡನೆಯ ಗಾಯಕಿ ಸಿಗಲಿಲ್ಲ. ಅವನು ಆ ಸಂಜೆ ನನ್ನ ಬಳಿ ಬಂದು, ಹೊಸ ಹಳದಿ ಕಾಗದ ಬರೆಯಲೇ, ಹಳೆಯದರ ಅಕ್ಷರ ಮಾಸಿದೆ ಎಂದ. ದೊಡ್ಡವರ ತಪ್ಪನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮನೆಗೆ ಹೊರಡುವ ಮುನ್ನ ಸಿತೋಹಾಂಗ್ ಬು ವೆನಿಂಗ್ ಮೇಜಿನ ಬಳಿ ಬಂದರು. ಕೈಯಲ್ಲಿ ಲಕೋಟೆ ಇತ್ತು. ಮುದ್ರೆಯನ್ನು ನನ್ನ ಕೈಗೆ ಕೊಟ್ಟು, "ತಾರೀಖು ನೀನೇ ನೋಡಿ ಒತ್ತು ಮಾರಾಯ," ಎಂದರು. ಒತ್ತಿದೆ. ಅವರು ಅದನ್ನು ಡಬ್ಬಿಗೆ ಹಾಕಿ, ಒಳಗೆ ಸಂಡಿಗೆ ಇದೆಯಾ ಎಂದು ತಮಾಷೆಗೂ ಕೇಳದೆ ಹೋದರು.

ಶುಕ್ರವಾರ ನಾಲ್ಕೂವರೆ ಗಂಟೆ ಹಿಡಿಯಿತು. ಶಸ್ತ್ರಚಿಕಿತ್ಸೆ ಕೋಣೆಯ ಹೊರಗೆ ನಿಂತವರಿಗೆ ಬಾಗಿಲಿನ ಸಂದಿಯಿಂದ ಹಾಡು ಕೇಳುತ್ತಿತ್ತು. ಎರಡು ಸಲ ನಿಂತಿತು. ಎರಡು ಸಲವೂ ಸರ್ಜಿಯೊ ಗೋಡೆಗೆ ಹಣೆ ಹಚ್ಚಿದರು, ಎರಡು ಸಲವೂ ಮತ್ತೆ ಶುರುವಾಯಿತು. ನೀರು ಕುಡಿಯಲು ನಿಲ್ಲಿಸಿದ್ದೆಂದು ಆಮೇಲೆ ಗೊತ್ತಾಯಿತು.

ಆರನೆಯ ದಿನ ಬು ಲಾರಸ್ಮಿ ವಾರ್ಡಿನಲ್ಲಿ ಎದ್ದು ಕೂತು, ಗಂಡ ಮಂಚದ ಕಂಬಿಯ ಮೇಲೆ ಹಾಕಿದ ತಾಳಕ್ಕೆ ಒಂದು ಪೂರ್ತಿ ಹಾಡು ಹೇಳಿದರು. ಮೇಲಿನ ಸ್ವರದಲ್ಲಿ ಗಂಡನದೇ ತಾಳ ತಪ್ಪಿತೆಂದು ಬಯ್ದರು ಕೂಡ. ನಾನು ಓಡಿಬಂದು ಬು ವೆನಿಂಗ್‌ಗೆ ಹೇಳಿದೆ. ಅವರು ಡಬ್ಬಿ ತೆರೆದು ಗುರುವಾರ ಸಂಜೆಯ ಲಕೋಟೆ ಹರಿದರು.

ಚೀಟಿಯಲ್ಲಿ ಎಡವಿರಲಿಲ್ಲ, ಬಲವಿರಲಿಲ್ಲ, ಸಂಖ್ಯೆಯಿರಲಿಲ್ಲ. ಕೈಬರಹದಲ್ಲಿ "ಹಾಡುತ್ತಾರೆ" ಎಂದಿತ್ತು. ಅದರ ಕೆಳಗೆ, ನಮ್ಮ ನಿಯಮವನ್ನು ಮುರಿದು, ಪೂರ್ತಿ ಹೆಸರು: ಪಾರ್ದೊಮುವಾನ್ ಸಿತೋಹಾಂಗ್.

ಬು ವೆನಿಂಗ್ ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದೇ ಊಹೆ, ಮೊದ್ಲೇ ಹೇಳಿದ್ದು," ಎಂದರು.  "ಇದಕ್ಕೆ ತಿದ್ದುಪಡಿ ಬೇಕಿಲ್ಲ, ಗುನ್. ಹಾಗೇ ಫೈಲಿಗೆ ಹಾಕು."